ಮಿಕ್ಸಿಯ ಕೆಳಗಿನ ಮೊದಲ ಮುದ್ರಣ

ಬಹರೈನಿನ ಗುದೈಬಿಯಾದ ಒಂದು ಗಲ್ಲಿಯಲ್ಲಿ ಅಬ್ದುಲ್ ಬಾಸಿತನ ಕೋಲ್ಡ್ ಸ್ಟೋರ್ ಇದೆ. ಹೆಸರು ಹಾಗಿದ್ದರೂ ಅಲ್ಲಿ ತಣ್ಣಗಿರುವುದು ಹಾಲು, ಮೊಸರು, ಜ್ಯೂಸು ಮಾತ್ರ. ಉಳಿದಂತೆ ಅದು ಊರಿನ ಜಿನಸಿ ಅಂಗಡಿಯೇ. ಬಟ್ಟೆ ಸೋಪುಗಳ ಹಿಂದೆ, ಮೇಲಿನ ಕಪಾಟಿನಲ್ಲಿ, ಲಕ್ಷ್ಮೀಪತಿ ಎಂಬ ಕಾದಂಬರಿಕಾರರ ಹದಿಮೂರು ಪುಸ್ತಕಗಳಿವೆ. ಎಲ್ಲವೂ ಮೊದಲ ಮುದ್ರಣ. ಸೋಪು ಇದ್ದಲ್ಲಿಗೆ ಹುಳ ಬರುವುದಿಲ್ಲವೆಂದು ಅಲ್ಲಿಟ್ಟದ್ದು. ಹುಳ ಬಂದಿಲ್ಲ. ಪುಸ್ತಕ ತೆರೆದರೆ ಮಾತ್ರ ಆಗತಾನೆ ಒಗೆದು ಹರವಿದ ಬಟ್ಟೆಯ ವಾಸನೆ ಬರುತ್ತದೆ.

ಇಪ್ಪತ್ತಾರು ವರ್ಷಗಳ ಹಿಂದೆ ಬಹರೈನಿಗೆ ಬಂದಾಗ ಬಾಸಿತನಿಗೆ ಸಿಕ್ಕಿದ್ದು ಆರು ಜನರ ಕೋಣೆಯಲ್ಲಿ ಒಂದು ಹಾಸಿಗೆ. ಅದರಡಿ, ಹಿಂದೆ ಮಲಗುತ್ತಿದ್ದವನು ಬಿಟ್ಟುಹೋದ ಒಂದು ಕಾದಂಬರಿ: ಲಕ್ಷ್ಮೀಪತಿಯವರ ‘ದಕ್ಕೆಯ ಮೇಲಿನ ಮನೆ’, ನಾಲ್ಕನೆಯ ಮುದ್ರಣ. ಬಾಸಿತನ ತಂದೆ ಮಂಗಳೂರಿನಲ್ಲಿ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಹೊರೆ ಹೊತ್ತವರು. ಪುಸ್ತಕದಲ್ಲಿ, ತೂಗುವಾಗ ತಕ್ಕಡಿಗೆ ಕಿರುಬೆರಳು ತಾಗಿಸುವ ಒಣಮೀನಿನ ವ್ಯಾಪಾರಿಯೊಬ್ಬ ಬರುತ್ತಾನೆ. ಅದು ತನ್ನ ಸೋದರಮಾವನೇ ಎಂದು ಬಾಸಿತನಿಗೆ ಮೂರನೆಯ ಪುಟದಲ್ಲಿ ಖಾತ್ರಿಯಾಯಿತು. ಮಾವನನ್ನು ಇಷ್ಟು ಸರಿಯಾಗಿ ಕಂಡ ಮನುಷ್ಯ ಬರೆದದ್ದೆಲ್ಲವನ್ನೂ ಓದಬೇಕೆನಿಸಿತು. ಓದಿದ ಮೇಲೆ, ಅವು ಮೊದಲು ಲೋಕಕ್ಕೆ ಬಂದ ರೂಪದಲ್ಲೇ ತನ್ನ ಬಳಿ ಇರಬೇಕೆನಿಸಿತು. ಹದಿಮೂರು ಸಿಕ್ಕವು. ಸಿಗದೆ ಉಳಿದದ್ದು ಅವನು ಮೊದಲು ಓದಿದ ಆ ಪುಸ್ತಕದ್ದೇ. ಮೊದಲ ಸಲ ಅದರ ಐನೂರು ಪ್ರತಿ ಮಾತ್ರ ಅಚ್ಚಾಗಿತ್ತು.

ಈ ಹುಡುಕಾಟದಲ್ಲಿ ಅವನು ಕಲಿತ ಪಾಠ ಒಂದೇ: ಬೇಕಾದ ಪುಸ್ತಕವನ್ನು ಬೇಕೆಂದು ಕೇಳಬಾರದು. ಕೇಳಿದರೆ ಅದು ನಿಂತಲ್ಲೇ ಅಮೂಲ್ಯವಾಗುತ್ತದೆ. ಪಕ್ಕದ ವಸ್ತುವನ್ನು ಕೊಳ್ಳಬೇಕು, ಪುಸ್ತಕ ಹಿಂದೆಯೇ ಬರುತ್ತದೆ. ಹೀಗಾಗಿ ಅವನ ಮನೆಯಲ್ಲಿ ನಾಲ್ಕು ಗೋಡೆ ಗಡಿಯಾರ, ಒಂದು ಹಾರ್ಮೋನಿಯಂ ಮತ್ತು ಯಾರದೋ ಮಗುವಿನ ತೊಟ್ಟಿಲು ಇವೆ. ಹೆಂಡತಿ ಸಫೀನಾ ಯಾಕೆಂದು ಕೇಳುವುದನ್ನು ಬಿಟ್ಟು ವರ್ಷಗಳಾದವು.

ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟವರು ಮನೆ ಸಾಮಾನಿನ ಫೋಟೋಗಳನ್ನು ಊರವರ ವಾಟ್ಸಾಪ್ ಗುಂಪಿಗೆ ಹಾಕುವುದು ಇಲ್ಲಿನ ಕ್ರಮ. ಕಳೆದ ಮಾರ್ಚಿನಲ್ಲಿ ಹಮದ್ ಟೌನಿನ ಕ್ಲೊಟಿಲ್ಡಾ ಬಾಯಿ ಹಾಗೆ ಒಂದು ಮಿಕ್ಸಿಯ ಫೋಟೋ ಹಾಕಿದರು. ಮೂವತ್ತು ವರ್ಷ ಇಲ್ಲಿ ಬಟ್ಟೆ ಹೊಲಿದವರು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಕಿನ್ನಿಗೋಳಿಯ ತಂಗಿಯ ಮನೆಗೆ ಹೊರಟಿದ್ದರು. ಮಿಕ್ಸಿಯ ಒಂದು ಕಾಲು ಸವೆದಿತ್ತೋ ಏನೋ, ಅಲುಗದಿರಲೆಂದು ಅದರ ಕೆಳಗೆ ಒಂದು ಪುಸ್ತಕ ಇಟ್ಟಿದ್ದರು. ನೀಲಿ ಬೆನ್ನಿನ ಪುಸ್ತಕ. ‘ದಕ್ಕೆಯ ಮೇಲಿನ ಮನೆ’ಗೆ ಮೊದಲ ಮುದ್ರಣದಲ್ಲಿ ಮಾತ್ರ ನೀಲಿ ಬೆನ್ನು ಎಂಬುದು ಬಾಸಿತನಿಗೆ ತನ್ನ ರಕ್ತದ ಗುಂಪಿಗಿಂತ ಚೆನ್ನಾಗಿ ಗೊತ್ತಿತ್ತು.

ಮಿಕ್ಸಿ ತನಗೇ ಇರಲಿ ಎಂದು ಬರೆದ. ಮನೆಯಲ್ಲಿ ಎರಡಿದ್ದವು.

ಶುಕ್ರವಾರ ಬಸ್ಸು ಹತ್ತಿ, ಅವರು ಹೇಳಿದ ರೌಂಡಬೌಟಿನಲ್ಲಿ ಇಳಿದ. ಬಿಸಿಲು ಸುಣ್ಣ ಬಳಿದ ಗೋಡೆಯ ಹಾಗೆ ಎದುರು ನಿಂತಿತ್ತು. ಕ್ಲೊಟಿಲ್ಡಾ ಬಾಯಿ ಶರಬತ್ತು ಕೊಟ್ಟರು. ಅವನು ಮಿಕ್ಸಿಯನ್ನು ಮೂರು ಸಲ ತಿರುಗಿಸಿ ನೋಡಿ, ಶಬ್ದ ಕೇಳಿ, ಹಣ ಕೊಟ್ಟ. ಆಮೇಲೆ, ಕೆಳಗಿರುವ ರದ್ದಿಯನ್ನೂ ಒಯ್ಯಲೇ, ಮಿಕ್ಸಿ ಅಲುಗಬಾರದಲ್ಲ, ಎಂದು ಆಕಳಿಸುತ್ತ ಕೇಳಿದ.

ಬಾಯಿ ಪುಸ್ತಕವನ್ನು ಎತ್ತಿ ಸೆರಗಿನಿಂದ ಒರೆಸಿದರು. ಅವರ ಗಂಡ ಅದನ್ನು ಪ್ರತಿ ಮಳೆಗಾಲದ ರಜೆಯಲ್ಲಿ ಊರಿಗೆ ಒಯ್ದು ವಾಪಸು ತರುತ್ತಿದ್ದರಂತೆ. ವರ್ಷಕ್ಕೊಮ್ಮೆ ಓದುತ್ತೇನೆಂದು ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಅವರು ಹೋದ ಮೇಲೆ ಬಾಯಿಯೂ ಓದಲು ಕುಳಿತರು. ಕೊನೆಯ ಹದಿನಾರು ಪುಟಗಳ ಮಡಿಕೆಯನ್ನು ಪ್ರೆಸ್ಸಿನವರು ಕತ್ತರಿಸಿರಲೇ ಇಲ್ಲ. ಅಂಚು ಕೂಡಿಕೊಂಡೇ ಇದ್ದ ಆ ಹಾಳೆಗಳನ್ನು ಯಾರೂ ಬಿಚ್ಚಿಯೂ ಇರಲಿಲ್ಲ.

“ಮೂವತ್ತು ವರ್ಷ ಸುಳ್ಳು ಹೇಳಿದ್ದು ಮಾರಾಯ್ರೆ,” ಎಂದರು ಬಾಯಿ. “ಅವತ್ತೇ ಮಿಕ್ಸಿ ಅಡಿಗೆ ಹಾಕಿದೆ.”

ಬಾಸಿತ್ ಪುಸ್ತಕ ಕೈಗೆ ತೆಗೆದುಕೊಂಡು ಅಂಚು ನೋಡಿದ. ಮಡಿಕೆ ಬಿಚ್ಚದ ಪ್ರತಿ ಇದೆಯೆಂದು ಹಳೆ ಪುಸ್ತಕ ಮಾರುವವರು ಯಾರೂ ಅವನಿಗೆ ಹೇಳಿರಲಿಲ್ಲ. ಇದು ಹೀಗೇ ಇರುವುದು ಒಳ್ಳೆಯದು, ಓದದ ಪುಸ್ತಕಕ್ಕೇ ಬೆಲೆ ಜಾಸ್ತಿ ಎಂದು ನಾಲಿಗೆ ತಪ್ಪಿ ಹೇಳಿಬಿಟ್ಟ.

“ಓದದ್ದಕ್ಕೆ ಬೆಲೆಯಾ? ಹಾಗಾದ್ರೆ ನಮ್ಮವರು ಭಾರೀ ಬೆಲೆಯ ಜನ,” ಎಂದು ಬಾಯಿ ಒಳಗೆ ಹೋಗಿ ಅಡುಗೆಮನೆಯ ಚಾಕು ತಂದರು. “ತಗೊಳ್ಳಿ. ಬಿಚ್ಚಿ ಓದಿ ಹೇಳಿ. ನನ್ನ ಕನ್ನಡಕ ಪೆಟ್ಟಿಗೆ ಒಳಗೆ ಹೋಗಿಯಾಯ್ತು.”

ಕತೆಯ ಕೊನೆ ತನಗೆ ಬಾಯಿಪಾಠ, ಹಾಗೇ ಹೇಳುತ್ತೇನೆ ಎಂದ ಬಾಸಿತ್.

“ಅದು ನಿಮ್ಮ ಪುಸ್ತಕದ್ದು. ಇದರಲ್ಲಿ ಎಂತ ಉಂಟು ಅಂತ ನಿಮಗೇನು ಗೊತ್ತುಂಟು?”

ಚಾಕು ಹಿಡಿದು ಅವನು ಲೆಕ್ಕ ಹಾಕಿದ. ಮಿಕ್ಸಿ ಹಿಡಿದು ಎದ್ದುಹೋದರೆ ಪುಸ್ತಕ ಇಡಿಯಾಗಿ ಕಿನ್ನಿಗೋಳಿಗೆ ಹೋಗುತ್ತದೆ. ಬಿಚ್ಚಿದರೆ ಕೈಗೆ ಬರಬಹುದು, ಆದರೆ ಬಿಚ್ಚಿದ್ದು. ಕೊನೆಗೆ, ಸೋಪಿನ ಪೆಟ್ಟಿಗೆ ಕೊಯ್ದು ಪಳಗಿದ ಕೈಯಿಂದ ಒಂದೊಂದೇ ಮಡಿಕೆ ಸೀಳಿದ. ಒಂದು ಎಳೆಯೂ ಹರಿಯಲಿಲ್ಲ.

ದೋಣಿ ಹತ್ತಿ ಹೋದ ಗಂಡ ವರ್ಷಗಳ ನಂತರ ಬರುತ್ತಾನೆ. ಹೆಂಡತಿ ಎಲ್ಲಿದ್ದೆ ಎಂದು ಕೇಳದೆ ಗಂಜಿ ಬಡಿಸುತ್ತಾಳೆ. ಬಾಸಿತ್ ಜೋರಾಗಿ ಓದುತ್ತ ಹೋದ. ಗಂಜಿಯ ಹತ್ತಿರ ನಿಂತುಬಿಟ್ಟ. ‘ಉಪ್ಪಿನ ಭರಣಿಯನ್ನು ಅವನ ಕಡೆಗೆ ಸರಿಸಿದಳು, ಕೈಗೆ ಸಿಗದಷ್ಟು ದೂರಕ್ಕೆ.’ ನಾಲ್ಕನೆಯ ಮುದ್ರಣದಲ್ಲಿ ಈ ಸಾಲು ಇರಲಿಲ್ಲ.

ಬಾಯಿ ಅದನ್ನು ಇನ್ನೊಮ್ಮೆ ಓದಿಸಿದರು. ಮತ್ತೂ ಒಮ್ಮೆ. ಆಮೇಲೆ ಪುಸ್ತಕವನ್ನು ಅವನ ಕೈಯಿಂದ ತೆಗೆದು, ವಿಮಾನದೊಳಗೆ ಒಯ್ಯುವ ಚೀಲದಲ್ಲಿ ಪಾಸ್‌ಪೋರ್ಟಿನ ಪಕ್ಕ ಇಟ್ಟರು.

“ಇದನ್ನು ಈಗ ಹೇಗೆ ಬಿಟ್ಟುಹೋಗುದು ಹೇಳಿ,” ಎಂದರು.

ಕೊಡುತ್ತೇನೆಂದು ಅವರು ಹೇಳಿರಲಿಲ್ಲ, ಬೇಕೆಂದು ಬಾಸಿತ್ ಕೇಳಿರಲಿಲ್ಲ. ಮಾತಾಗಿದ್ದದ್ದು ಮಿಕ್ಸಿಯದು ಮಾತ್ರ. ಅದನ್ನು ಬಾಯಿ, ಕೊಂಡ ದಿನದಿಂದ ಜೋಪಾನ ಮಾಡಿದ್ದ ಅದರದೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ದಾರ ಕಟ್ಟಿ ಕೊಟ್ಟರು.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಮರೆತುಹೋಗಬಾರದೆಂದು ಬಾಸಿತ್ ಆ ಸಾಲನ್ನೇ ಗುನುಗುತ್ತ ಕುಳಿತ. ಪಕ್ಕದವನು ಮಿಕ್ಸಿ ಮಾರಾಟಕ್ಕಿದೆಯೇ ಎಂದು ಹಿಂದಿಯಲ್ಲಿ ವಿಚಾರಿಸಿದ. ಬಾಸಿತ್ ಅವನಿಂದ ಪೆನ್ನು ಇಸಕೊಂಡು, ರಟ್ಟಿನ ಮೇಲೆ ಉಪ್ಪಿನ ಭರಣಿಯ ಸಾಲನ್ನು ಪೂರ್ತಿ ಬರೆದು, ಪೆನ್ನು ಹಿಂದಿರುಗಿಸಿದ.

ಮಿಕ್ಸಿ ಕೊಡುತ್ತೇನೆ, ಪೆಟ್ಟಿಗೆ ಕೊಡುವುದಿಲ್ಲ ಎಂದ.