ವಿರೇಶ ತೆಗೆಯದ ಫೋಟೋ

ಮಸ್ಕಿ ಬಸ್‌ಸ್ಟ್ಯಾಂಡಿನ ಎದುರು ಸಾಲಿನಲ್ಲಿ ವಿರೇಶನ ಸ್ಟುಡಿಯೋ ಇದೆ. ಇದೆ ಅಂತ ಹೇಳಬೇಕು ಅಷ್ಟೇ. ದಿನಕ್ಕೆ ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೋ, ಹತ್ತು ಝೆರಾಕ್ಸ್ ಬಿಟ್ಟರೆ ಉಳಿದ ಹೊತ್ತು ನೊಣ ಹೊಡೆಯುವುದೇ ಕೆಲಸ. ಎಲ್ಲರ ಕಿಸೆಯಲ್ಲೂ ಫೋನ್ ಬಂದ ಮೇಲೆ ಫೋಟೋದವನನ್ನು ಯಾರು ಕೇಳುತ್ತಾರೆ? ನಾನು ಜಂಗ್ಲಿಸಾಬ್, ಲಿಂಗಸುಗೂರಿನವನು, ಮೂವತ್ತು ವರ್ಷದಿಂದ ಬಸ್ ಓಡಿಸುತ್ತಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇದು ಊರಿಗೇ ಗೊತ್ತು. ವಿರೇಶನ ಮೇಲೆ ಬಂದಷ್ಟು ಸಿಟ್ಟು ನನಗೆ ನನ್ನ ಸ್ವಂತ ಮಕ್ಕಳ ಮೇಲೂ ಬಂದಿಲ್ಲ. ಆದರೂ ಅವನ ಕಥೆಯನ್ನು ಬೇರೆಯವರು ಹೇಳಿದರೆ ಕೈಕಾಲು ಸೇರಿಸಿ ಹೇಳುತ್ತಾರೆ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಅವನಪ್ಪ ತಾಯಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ಕೆಳಗಿಳಿಯುತ್ತಿದ್ದವನು. ಮಗನಿಗೆ ಆ ಕತ್ತಲೆ ಬೇಡವೆಂದು ಅಲ್ಲಿಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಬಿಟ್ಟ. ಅಲ್ಲಿ ಫಿಲ್ಮ್ ತೊಳೆಯುವ ಕೋಣೆಯೊಳಗೆ ಹುಡುಗನ ಆರು ವರ್ಷ ಕಳೆದವು. “ಗಣಿ ಬಿಡಸಿ ಕತ್ತಲ ಖೋಲ್ಯಾಗ ಹಾಕಿದ ನೋಡ್ರಿ ನಮ್ಮಪ್ಪ,” ಎಂದು ವಿರೇಶ ನಗುತ್ತಿದ್ದ. ಆಮೇಲೆ ಮಸ್ಕಿಗೆ ಬಂದು ಸ್ವಂತದ್ದು ಹಾಕಿದ, ಮದುವೆಯಾದ, ಒಬ್ಬಳೇ ಮಗಳು ಹುಟ್ಟಿದಳು, ಉಮಾ.

ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಕುರ್ಚಿಯಲ್ಲಿ ಕೂಡಿಸುತ್ತಾರೆ. ಹಣೆ ತುಂಬ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ವಾಲದಂತೆ ಬಟ್ಟೆ ಕಟ್ಟಿ, ಮನೆಮಂದಿಯೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸುತ್ತಾರೆ. ಮದುವೆ ಫೋಟೋ ಇಲ್ಲದ ಮನೆ ಸಿಕ್ಕೀತು, ಈ ಫೋಟೋ ಇಲ್ಲದ ಮನೆ ಸಿಗುವುದು ಕಷ್ಟ. ವಿರೇಶ ಅಂಥವನ್ನು ಎಷ್ಟು ತೆಗೆದಿದ್ದನೋ ಲೆಕ್ಕವಿಲ್ಲ. ಏಳು ವರ್ಷದ ಹಿಂದೆ ಉಮಾ ಡೆಂಗಿ ಜ್ವರ ಬಂದು ಮೂರೇ ದಿನಕ್ಕೆ ಹೋದಳು, ಒಂಬತ್ತು ವರ್ಷದ ಕೂಸು. ಅವತ್ತು ಊರಿನಲ್ಲಿ ಬೇರೆ ಫೋಟೋದವನು ಸಿಗಲಿಲ್ಲ. ಅಪ್ಪನೇ ಮಗಳ ಗಲ್ಲ ಎತ್ತಿ ನೆಟ್ಟಗೆ ಮಾಡಿ, ಹಿಂದೆ ಸರಿದು, ಬಟನ್ ಒತ್ತಿದ. ಅಂದಿನಿಂದ ಸತ್ತವರ ಮನೆಯ ಕರೆ ಬಂದರೆ ಸಿಂಧನೂರಿನ ಯಾರದ್ದೋ ನಂಬರ್ ಕೊಟ್ಟು ಸುಮ್ಮನಾಗುತ್ತಾನೆ.

ಹೊಟ್ಟೆಪಾಡಿಗೆ ಅವನು ಹಿಡಿದದ್ದು ಯಾತ್ರೆಯ ಬಸ್ಸು. ಶ್ರಾವಣ ಮುಗಿಯುತ್ತಿದ್ದಂತೆ ಸಿಂಧನೂರಿನಿಂದ ಕಾಶಿ, ನೇಪಾಳಕ್ಕೆ ಹದಿನೆಂಟು ದಿನದ ಬಸ್ಸು ಹೊರಡುತ್ತದೆ. ಅದರ ಡ್ರೈವರ್ ನಾನು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗ್ಯಾಸಿನ ಒಲೆ ಎಲ್ಲ ಮೇಲೆ ಕಟ್ಟಿಕೊಂಡು ಹೋಗುತ್ತೇವೆ. ವಿರೇಶನಿಗೆ ಸೀಟು, ಊಟ ಪುಕ್ಕಟೆ. ಫೋಟೋ ತೆಗೆದು ಆಲ್ಬಂ ಮಾಡಿ ಮಾರಿಕೊಂಡದ್ದು ಅವನಿಗೆ.

ಪರದೇಶದ ಗುಡ್ಡ ಕಂಡರೆ ನಮ್ಮ ಜನಕ್ಕೆ ಹುಚ್ಚು ಹಿಡಿಯುತ್ತದೆ. ರೇಷ್ಮೆ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಮಂಗನ ಟೋಪಿ. ನೇಪಾಳದ ಪೋಖರಾದಲ್ಲಿ ಹಿಮದ ಗುಡ್ಡ ಕಾಣುವ ಕಟ್ಟೆಯ ಮೇಲೆ ವಿರೇಶ ಎಲ್ಲರನ್ನೂ ಜೋಡಿ ಜೋಡಿ ನಿಲ್ಲಿಸಿ, “ಕೈ ಹಿಂಗ ಮಾಡ್ರೀ ಯವ್ವಾ, ಗುಡ್ಡ ಅಂಗೈ ಮ್ಯಾಲ ಕುಂದರತೈತಿ,” ಎಂದು ಆಟ ಆಡಿಸುತ್ತಿದ್ದ. ಜನಕ್ಕೆ ತಮ್ಮ ಮುಖ ದೊಡ್ಡದಾಗಿ ಬಂದರೆ ಸಾಕು. ಅವನಿಗೆ ಗುಡ್ಡ ಬೇಕು. “ಇವರ ಮಾರಿ ನೋಡಾಕ ಇಷ್ಟು ದೂರ ಬರಬೇಕಿತ್ತೇನ್ ಕಾಕಾ?” ಎಂದು ನನ್ನ ಕಿವಿಯಲ್ಲಿ ಬೈದು ನಗುತ್ತಿದ್ದ. ಹಾಗೆ ನಗುವಾಗ ಅವನು ಚೆನ್ನಾಗಿ ಕಾಣುತ್ತಿದ್ದ.

ಎರಡು ವರ್ಷದ ಹಿಂದಿನ ಬಸ್ಸಿನಲ್ಲಿ ಮಸ್ಕಿಯ ಬಟ್ಟೆ ಅಂಗಡಿಯ ಬಸವಂತರಾಯರು, ಅವರ ಹೆಂಡತಿ ಕಸ್ತೂರೆಮ್ಮ ಇದ್ದರು. ಮಕ್ಕಳು ಗುರುಬಸವ, ಶಿವಕಾಂತ ಇಬ್ಬರೂ ಬೇಡವೆಂದರೂ ಕಸ್ತೂರೆಮ್ಮ ಹಟ ಹಿಡಿದು ಗಂಡನನ್ನು ಹೊರಡಿಸಿದ್ದಳು. ದಾರಿಯಲ್ಲಿ ರಾಯರು ಬಾಯಿ ತೆರೆದು ನಿದ್ದೆ ಮಾಡುವುದನ್ನು ಯಾರೋ ಪುಣ್ಯಾತ್ಮರು ಫೋನಿನಲ್ಲಿ ತೆಗೆದು ಸ್ಟೇಟಸ್ ಹಾಕಿದರು. ಮಸ್ಕಿಯವರೆಲ್ಲ ನೋಡಿ ನಕ್ಕರು. ಕಸ್ತೂರೆಮ್ಮನಿಗೆ ಅದು ಮನಸ್ಸಿಗೆ ನಾಟಿತು.

ಕಠ್ಮಂಡುವಿನಿಂದ ಗಡಿಯ ಕಡೆಗೆ ಇಳಿಯುತ್ತಿದ್ದೆವು. ಒಂದೇ ಸಮನೆ ಮಳೆ. ನಮ್ಮ ಮುಂದೆ ಗುಡ್ಡ ಕುಸಿಯಿತು, ಸಂಜೆಗೆ ಹಿಂದೆಯೂ ಕುಸಿಯಿತು. ನಡುವೆ ನೂರಾರು ಗಾಡಿ, ಕೆಳಗೆ ಕೆಂಪು ನೀರಿನ ಹೊಳೆ, ಫೋನಿಗೆ ನೆಟ್‌ವರ್ಕ್ ಇಲ್ಲ. ಮರುದಿನ ಬೆಳಿಗ್ಗೆ ರಾಯರು ಚಹಾ ಕುಡಿದು, “ಎದಿ ಹಿಡದಂಗ ಆಗೇತಿ,” ಅಂದರು. ಕಸ್ತೂರೆಮ್ಮ ಬೆನ್ನು ನೀವುತ್ತಿದ್ದಂತೆ ಕತ್ತು ವಾಲಿತು. ಅಷ್ಟೇ. ಡಾಕ್ಟರನ್ನು ಎಲ್ಲಿಂದ ತರಲಿ? ಸ್ಟೇರಿಂಗ್ ಗುದ್ದಿಕೊಂಡು ಅತ್ತೆ ನಾನು.

ಪೊಲೀಸರು ಕೆಸರಿನಲ್ಲಿ ನಡೆದು ಬಂದರು. ನನ್ನ ಹಿಂದಿಯಿಂದ ಮಾತು ನಡೆಯಿತು. ರಸ್ತೆ ತೆರೆಯಲು ನಾಲ್ಕು ದಿನವಾದರೂ ಬೇಕು, ಕಾಗದ ಬರೆದುಕೊಡುತ್ತೇವೆ, ಸೌದೆ ಕೊಡಿಸುತ್ತೇವೆ, ಇಲ್ಲೇ ಸುಟ್ಟುಬಿಡಿ ಅಂದರು. ಕಸ್ತೂರೆಮ್ಮ ಗಂಡನ ಮೇಲೆ ಬಿದ್ದುಬಿಟ್ಟಳು.

“ಸುಡಬ್ಯಾಡ್ರಿ! ಲಿಂಗ ಕಟ್ಟಿದ ದೇಹ ಅದು. ನಮ್ಮ ಮನಿತನದಾಗ ಒಬ್ಬರನ್ನೂ ಸುಟ್ಟಿಲ್ಲ. ನನ್ನ ಮಕ್ಕಳಿಗೆ ನಾ ಯಾವ ಮಾರಿ ತೋರಿಸಲಿ?”

ಚಹಾ ಅಂಗಡಿಯ ನೇಪಾಳಿ ಹೆಂಗಸು ಹೊಳೆಯ ದಂಡೆಯಲ್ಲಿ ಸಾಧುಗಳನ್ನು ಕೂಡಿಸಿ ಹೂಳುವ ಜಾಗವಿದೆ ಎಂದು ತೋರಿಸಿದಳು. ಗಂಡಸರೆಲ್ಲ ಸೇರಿ ಗುಣಿ ತೆಗೆದೆವು. ಬಸ್ಸಿನಲ್ಲಿದ್ದ ಗುರುಗುಂಟಾದ ಅಯ್ಯನವರು ಕ್ರಿಯೆ ಮಾಡಿದರು. ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ರಾಯರನ್ನು ಕೂಡಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಧೋತರದಿಂದ ಎದೆ ಸುತ್ತಿ ಕುರ್ಚಿಗೆ ಕಟ್ಟಿದರು. ಯಾರೋ ಫೋನ್ ತೆಗೆದರು. ಕಸ್ತೂರೆಮ್ಮ ಕೈ ಅಡ್ಡ ಹಿಡಿದಳು.

“ಮೊಬೈಲ್‌ನ್ಯಾಗ ಬ್ಯಾಡ. ಊರಿಗೆಲ್ಲ ಹಂಚ್ತೀರಿ ನೀವು. ವಿರೇಶಪ್ಪ ಒಬ್ಬನಾ ತೆಗೀಲಿ. ಒಂದಾ ಫೋಟೋ. ಮಕ್ಕಳು ನೋಡಿ ನಂಬಬೇಕು.”

ವಿರೇಶ ನನ್ನ ಮುಖ ನೋಡಿದ. ಅವಳಿಗೆ ಇಲ್ಲ ಅನ್ನುವ ಎದೆ ಯಾರಿಗಿತ್ತು? ಎಲ್ಲರೂ ರಾಯರ ಸುತ್ತ ನಿಂತರು. ಮಳೆ ಹನಿಯುತ್ತಿತ್ತು, ನಾನು ಅವನ ಕ್ಯಾಮೆರಾದ ಮೇಲೆ ಛತ್ರಿ ಹಿಡಿದಿದ್ದೆ. ಅವನ ಬೆರಳು ಬಟನ್ ಮೇಲೆ ಇತ್ತು. ಒತ್ತಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. “ಆತ್ರಿ,” ಅಂದ. ಅಯ್ಯನವರು ಇನ್ನೊಂದು ತೆಗಿ ಅಂದರು. ಕಣ್ಣು ತೆರೆಯದೆ ಮತ್ತೆ “ಆತ್ರಿ,” ಅಂದ. ರಾಯರನ್ನು ಎತ್ತಿ ಗುಣಿಗೆ ಇಳಿಸಿದರು.

ಆಗಲೇ ಕೂಗಿದ್ದರೆ ಆಗುತ್ತಿತ್ತು. ತಡೀರಿ, ಫೋಟೋ ಬಂದಿಲ್ಲ ಅಂತ ನಾಲ್ಕು ಮಾತು. ನನ್ನ ಬಾಯಿಗೆ ಏನು ಬಡಿದಿತ್ತೋ! ಅವನ ಮರ್ಯಾದೆ ಹೋಗುತ್ತದೆ ಅಂದುಕೊಂಡೆ. ಮಣ್ಣು ಮುಚ್ಚಿದ ಮೇಲೆ ಅವನನ್ನು ಬಸ್ಸಿನ ಹಿಂದೆ ಎಳೆದೊಯ್ದು ಕಾಲರ್ ಹಿಡಿದೆ.

“ಲೇ, ನೀ ಒತ್ತಲಿಲ್ಲ.”

“ಕಾಕಾ, ಕಣ್ಣಿಗೆ ಹಚ್ಚಿದ ಕೂಡ್ಲೆ ಆ ಕುರ್ಚಿ ಮ್ಯಾಲ ನನ್ನ ಉಮಾ ಕುಂತಿದ್ಲು. ಮತ್ತ ಹೆಂಗ ಒತ್ಲಿ?”

ಕಾಲರ್ ಬಿಟ್ಟೆ.

ಮಸ್ಕಿಗೆ ಬಂದ ಮೇಲೆ ಆದದ್ದು ಆಗಲೇಬೇಕಾದದ್ದು. ಬೀಗರು, ಅಣ್ಣತಮ್ಮಂದಿರು ಸೇರಿದರು. ನೇಪಾಳದಲ್ಲಿ ಎಲ್ಲರನ್ನೂ ಸುಡುತ್ತಾರಂತೆ, ಮಳೆಯಲ್ಲಿ ಗುಣಿ ಯಾರು ತೆಗೆಯುತ್ತಾರೆ, ಹೊಳೆಗೇ ಬಿಟ್ಟಿರಬೇಕು ಎಂದು ಬಾಯಿಗೊಂದು ಮಾತು. ನಾವು ಆಣೆ ಮಾಡಿ ಹೇಳಿದರೂ ಗುರುಬಸವ ಒಪ್ಪಲಿಲ್ಲ.

“ಬಸ್ಸಿನವ್ರು ಎಲ್ಲಾ ಒಂದಾ ಮಾತು ಹೇಳ್ತೀರಿ. ಯವ್ವಾ, ನೀನಾ ಹಟ ಮಾಡಿ ಕರ್ಕೊಂಡು ಹೋದಿ, ಪರದೇಶದಾಗ ಬಿಟ್ಟು ಬಂದಿ. ಖರೇನಾ ಕುಂದರಿಸಿ ಮಣ್ಣು ಕೊಟ್ಟಿದ್ರ ಫೋಟೋ ಎಲ್ಲೈತಿ?”

“ವಿರೇಶಪ್ಪ ತೆಗದಾನ. ಬರತೈತಿ, ನೋಡು,” ಅಂದಳು ಕಸ್ತೂರೆಮ್ಮ. ಆ ಮನೆಯಲ್ಲಿ ಅವಳ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಸೊಸೆಯರು ತಾಟು ತಂದು ಮುಂದೆ ಇಟ್ಟು ಹೋಗುತ್ತಿದ್ದರು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಂಡು ಹೊರಗೆ ಬಂದೆ.

“ತೆಗದಿಲ್ಲ ಅಂತ ಹೋಗಿ ಹೇಳು,” ಎಂದು ವಿರೇಶನಿಗೆ ಬೈದೆ. “ಹೇಳಿದ್ರ ಆಕಿನ್ನ ಹರದು ತಿಂತಾರ,” ಅಂದ. ಅದೂ ನಿಜವೇ. ಕಠ್ಮಂಡುವಿನ ಹೋಟೆಲಿನಲ್ಲಿ ರಾಯರು ಕುರ್ಚಿಯ ಮೇಲೆ ಕುಳಿತದ್ದನ್ನು ತೆಗೆಯುವಾಗ ಅವರು ಕಣ್ಣು ಮಿಟುಕಿಸಿ, ಮುಚ್ಚಿದ ಕಣ್ಣೇ ಬಂದಿದ್ದ ಒಂದು ಕೆಟ್ಟ ಫೋಟೋ ಅವನ ಹತ್ತಿರ ಇತ್ತು. ಅದನ್ನು ಕಂಪ್ಯೂಟರಿನಲ್ಲಿ ಹಾಕಿ ಹಣೆಗೆ ವಿಭೂತಿ ಬಳಿದ, ಹಾರ ಹಾಕಿದ, ಎದೆಗೆ ಧೋತರ ಕಟ್ಟಿದ, ಹಿಂದೆ ಹೊಳೆ ತಂದ, ಸುತ್ತ ನಮ್ಮನ್ನೆಲ್ಲ ತಂದು ನಿಲ್ಲಿಸಿದ. ನಾವು ಊರಿಗೆ ಬಂದ ಹನ್ನೊಂದನೆಯ ದಿನ ಫ್ರೇಮ್ ಹಾಕಿಸಿಕೊಂಡು ಹೋಗಿ ಕೊಟ್ಟ. ಗುರುಬಸವ ಫೋಟೋ ಎದೆಗೆ ಅವಚಿಕೊಂಡು ಅತ್ತ. ತಾಯಿಯ ಕಾಲು ಹಿಡಿದ. ಕಸ್ತೂರೆಮ್ಮ ಫೋಟೋವನ್ನು ಬಹಳ ಹೊತ್ತು ನೋಡಿ, “ಹೌದಪಾ,” ಅಂದಳು.

ತಿಂಗಳು ಕಳೆದ ಮೇಲೆ ಅವಳು ಸ್ಟುಡಿಯೋಕ್ಕೆ ಬಂದಳು. ನಾನು ಅಲ್ಲಿಯೇ ಚಹಾ ಕುಡಿಯುತ್ತಿದ್ದೆ. ಅವಳು ಕೂರಲಿಲ್ಲ.

“ವಿರೇಶಪ್ಪ, ಅವತ್ತು ಅವರ ಕಣ್ಣು ಮುಚ್ಚಲೇ ಇಲ್ಲ. ಮೂರು ಸಲ ಕೈ ಆಡಿಸೀನಿ. ಅರ್ಧ ತೆರದಾ ಇದ್ದವು. ನೀ ಒಂದು ಸಲ ಮಾರಿ ಎತ್ತಿ ನೋಡಿದ್ರ ಗೊತ್ತಾಗತಿತ್ತು.”

ನನಗೂ ಗೊತ್ತಿರಲಿಲ್ಲ. ನಾನು ರಾಯರನ್ನು ನೋಡಿರಲಿಲ್ಲ, ಇವನ ಬೆರಳನ್ನು ನೋಡುತ್ತ ನಿಂತಿದ್ದೆ. ವಿರೇಶ ಅವಳ ಕಾಲಿಗೆ ಬಿದ್ದ. ಉಮಾಳ ಸುದ್ದಿ ಎಲ್ಲ ಹೇಳಿದ. ಅವಳು ಕೇಳಿಸಿಕೊಂಡಳು, ಕ್ಷಮಿಸಿದೆ ಅನ್ನಲಿಲ್ಲ.

“ಮಕ್ಕಳು ನಂಬ್ಯಾರ. ನಾ ಹೆಂಗ ನಂಬಲೋ? ದಿನಾ ಮುಂಜಾನೆ ಆ ಸುಳ್ಳು ಫೋಟೋಕ್ಕ ಹೂ ಏರಸ್ತೀನಿ. ಕೈ ಸುಟ್ಟಂಗ ಆಗತೈತಿ. ನನ್ನ ಮತ್ತ ಬಸ್ ಹತ್ತಾಕ ಬಿಡಂಗಿಲ್ಲ ಅವ್ರು. ನೀ ಹೋಗ್ತಿ. ಅವರನ್ನ ಮಣ್ಣು ಮಾಡಿದ ಗದ್ದಿಗಿದು ಒಂದು ಫೋಟೋ ತಗೊಂಡು ಬಾ. ಖರೇದು ತಾ.”

ಹೋದ ವರ್ಷ ಹೋದೆವು. ಅದೇ ಚಹಾ ಅಂಗಡಿಯ ಮುಂದೆ ಬಸ್ ನಿಲ್ಲಿಸಿದೆ. ವಿರೇಶ ಹಾರ, ಊದುಬತ್ತಿ ಹಿಡಿದು ಇಳಿದ. ಅಂಗಡಿಯ ಹೆಂಗಸು ನಮ್ಮ ಗುರುತು ಹಿಡಿದಳು, ನೆಲ ನೋಡಿದಳು. ಆಮೇಲೆ ಕೈ ತೋರಿಸಿದಳು. ದಂಡೆ ಇರಲಿಲ್ಲ. ನೆರೆ ಬಂದು ಆ ಜಾಗವನ್ನೆಲ್ಲ ಕಡಿದುಕೊಂಡು ಹೋಗಿತ್ತು. ಸಾಧುಗಳ ಸಮಾಧಿ, ರಾಯರ ಗದ್ದುಗೆ, ನಾವು ಇಟ್ಟ ಕಲ್ಲು, ಒಂದೂ ಇಲ್ಲ. ಹೊಳೆ ಅಲ್ಲಿಯೇ ಹರಿಯುತ್ತಿತ್ತು.

ನಾನು ಶೈತಾನನಾದೆ. “ವಿರೇಶ, ಅಲ್ಲಿ ಆಚಿಗೆ ಒಂದು ಕಲ್ಲಿನ ಗುಡ್ಡಿ ಐತಿ ನೋಡು. ಅದರದ್ದಾ ತೆಗಿ, ಮ್ಯಾಲ ಹಾರ ಹಾಕು. ಮುದುಕಿ ಜೀವ ತಣ್ಣಗಿರಲಿ,” ಅಂದೆ.

“ಸಾಕ್ ಕಾಕಾ,” ಅಂದ. ಹಾರವನ್ನು ನೀರಿಗೆ ಬಿಟ್ಟ. ಕ್ಯಾಮೆರಾ ಕಣ್ಣಿಗೆ ಹಚ್ಚಿದ. ಈ ಸಲ ಕಣ್ಣು ತೆರೆದಿದ್ದ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಟನ್ ಒತ್ತಿದ ಸಪ್ಪಳ ನನಗೆ ಕೇಳಿಸಿತು.

ಊರಿಗೆ ಬಂದು ಇಬ್ಬರೂ ಹೋದೆವು. ಮಧ್ಯಾಹ್ನ, ಮಕ್ಕಳು ಅಂಗಡಿಯಲ್ಲಿದ್ದರು. ಕಸ್ತೂರೆಮ್ಮ ಹೊರಗಿನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ವಿರೇಶ ಫೋಟೋ ಕೊಟ್ಟು, ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದ. ಅವಳು ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಹೆದರಿ ನಿಂತಿದ್ದೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋಟೋವನ್ನು ಬೆಳಕಿಗೆ ಹಿಡಿದಳು.

“ಇದರಾಗ ಅವರು ಎಲ್ಲಿದ್ರು?”

ವಿರೇಶ ನೀರಿನ ನಡುವೆ ಬೆರಳು ಇಟ್ಟು ತೋರಿಸಿದ. ಅವನು ಬೆರಳು ತೆಗೆದ ಮೇಲೆ ಅವಳು ಅಲ್ಲಿಯೇ ತನ್ನ ಬೆರಳು ಇಟ್ಟಳು.

“ನೀರು ಭಾಳ ಥಣ್ಣಗಿರಬೇಕಲ್ಲ ತಮ್ಮಾ? ಅವರಿಗೆ ಥಂಡಿ ಆಗಿಬರಂಗಿಲ್ಲ,” ಅಂದಳು.