ಹರಗೋಲಿಗೆ ಕೇಳಿದ ಹೆಸರು

ಸುಭದ್ರಾಬಾಯಿಯ ತವರು ಆಳಂದ, ತೊಗರಿ ವ್ಯಾಪಾರದ ಮನೆ. ಕೊಟ್ಟದ್ದು ಅಫಜಲಪುರದ ಕಡೆ, ಭೀಮಾ ಹೊಳೆಯ ದಂಡೆಯ ಒಂದು ಸಣ್ಣ ಊರಿಗೆ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವಳ ಧ್ವನಿ ಪಕ್ಕದ ಮನೆಗೆ ಕೇಳಿದ್ದಿಲ್ಲ. ಗಂಡ ಚಂದ್ರಾಮ ಹೊಲದಲ್ಲಿದ್ದರೆ ಬದುವಿನ ತನಕ ನಡೆದುಹೋಗಿ, ಬಳೆ ಸಪ್ಪಳ ಮಾಡಿ, ಅವನು ತಿರುಗಿ ನೋಡಿದ ಮೇಲೆ "ಏನ್ರಿ" ಅನ್ನುವಳು. ಗಂಡನ ಹೆಸರು ಬಾಯಿಗೆ ತಂದರೆ ಅವನ ಆಯುಷ್ಯದಲ್ಲಿ ಒಂದು ದಿನ ಉದುರುತ್ತದೆ ಎಂದು ಅಜ್ಜಿ ಹೇಳಿದ್ದನ್ನು ಅವಳು ನಂಬಿದ್ದಳು. ಮದುವೆಯಲ್ಲಿ ಎಲ್ಲರೂ ಕಾಡಿ ಗಂಡನ ಹೆಸರಿನ ಒಡಪು ಹೇಳಿಸಿದಾಗ, ಹಾಡಿನ ಮಡಿಕೆಯಲ್ಲಿ ಮುಚ್ಚಿ ಒಂದೇ ಒಂದು ಸಲ ಹೇಳಿದ್ದಳು. ಆ ಒಂದು ದಿನಕ್ಕೂ ಅವಳಿಗೆ ಒಳಗೊಳಗೇ ಅಳುಕಿತ್ತು.

ನಲವತ್ತೇಳರಲ್ಲಿ ಹೊಳೆಯ ಆಚೆ ದಂಡೆಗೆ ಸ್ವಾತಂತ್ರ್ಯ ಬಂತು. ಈಚೆ ದಂಡೆ ನಿಜಾಮರದೇ ಉಳಿಯಿತು. ಚಂದ್ರಾಮ ಒಂದು ಬೆಳಿಗ್ಗೆ ಊರ ಹುಡೇವಿನ ಮೇಲೆ ಹೊಸ ಧ್ವಜ ಏರಿಸಿದ. ಹುಡೇವು ಎಂದರೆ ಹಿಂದಿನವರು ಊರ ಕಾವಲಿಗೆ ಕಟ್ಟಿದ ಬುರುಜು. ಹತ್ತಿ ನಿಂತರೆ ಎರಡೂ ದಂಡೆ ಕಾಣುತ್ತವೆ. ಎರಡೇ ದಿನಕ್ಕೆ ನಿಜಾಮರ ಕಡೆಯ ಬಂದೂಕಿನ ಸವಾರರು ಅವನನ್ನು ಹುಡುಕಿಕೊಂಡು ಬಂದರು. ಅಷ್ಟರಲ್ಲಿ ಅವನು ಹರಗೋಲ ಹತ್ತಿ ಆಚೆ ದಂಡೆಯ ಹೋರಾಟಗಾರರ ಬಿಡಾರ ಸೇರಿದ್ದ. ಹೆಂಡತಿ ಹೋಗಲಿಲ್ಲ. ಅತ್ತೆ ಸುಂದರಬಾಯಿ ತಾನು ಲಿಂಗಪೂಜೆ ಮಾಡುವ ಮೂಲೆ ಬಿಟ್ಟು ಏಳುವುದಿಲ್ಲ ಎಂದು ಹಟ ಹಿಡಿದಳು. ಮುದುಕಿಯನ್ನು ಬಿಟ್ಟು ಸೊಸೆ ಹೇಗೆ ಹೋದಾಳು?

ಗಲಭೆ ಬಲಿತ ಹಾಗೆ ಊರಿನ ಒಂದೊಂದೇ ಮನೆಯವರು ಹೊಳೆ ದಾಟತೊಡಗಿದರು. ದಾಟಿಸುವವನು ಅಂಬಿಗ ಕರೀಮಸಾಬ. ದಂಡೆ ಖಾಲಿ ಇದೆ, ಬಾ ಎನ್ನಲಿಕ್ಕೆ ಹುಡೇವಿನ ಮೇಲೆ ಬಿಳಿ ಧೋತರ ಹರವುತ್ತಿದ್ದರು. ಒಂದು ದಿನ ಯಾರೋ ಏನೂ ಅರಿಯದ ಹೆಣ್ಣುಮಗಳು ಒಗೆದ ಧೋತರವನ್ನು ಅಲ್ಲೇ ಒಣಹಾಕಿದಳು. ಕರೀಮಸಾಬ ಬಂದು ನೋಡುತ್ತಾನೆ, ಸವಾರರು ಕುದುರೆಗೆ ನೀರು ಕುಡಿಸುತ್ತ ನಿಂತಿದ್ದಾರೆ. ಮೀನು ಹಿಡಿಯಲು ಬಂದೆ ಎಂದು ಹೇಳಿ ಪಾರಾದ. ಅರಿವೆಯನ್ನು ನಂಬಿ ಇನ್ನು ಹರಗೋಲ ಬಿಡುವುದಿಲ್ಲ ಎಂದು ಅವತ್ತೇ ಅಂದ.

ಬಿಡಾರದಲ್ಲಿ ಹುಸೇನಪೀರ ಎಂಬುವನಿದ್ದ. ಜೇವರ್ಗಿ ಕಡೆಯ ಅಂದೋಲಾದವನು. ದೊಡ್ಡ ಯುದ್ಧದಲ್ಲಿ ಫೌಜಿನ ವೈರ್‌ಲೆಸ್ ಕೆಲಸ ಕಲಿತು ಬಂದವನು. ಯುದ್ಧ ಮುಗಿದ ಮೇಲೆ ಮಾರಾಟಕ್ಕೆ ಬಿದ್ದ ಯಂತ್ರಗಳು ಸೊಲ್ಲಾಪುರದಲ್ಲಿ ಸಿಗುತ್ತವೆ ಎಂದು ಅವನಿಗೆ ಗೊತ್ತಿತ್ತು. ಬಿಡಾರದವರಿಗೆಲ್ಲ ದೊಡ್ಡದರ ಮೇಲೆಯೇ ಕಣ್ಣು. ಬೆನ್ನಿಗೆ ಕಟ್ಟಿಕೊಳ್ಳುವ ಯಂತ್ರ ತರಬೇಕು, ಗುಲಬರ್ಗಾದ ತನಕ ಮಾತು ಮುಟ್ಟಬೇಕು ಅಂದರು.

"ಗುಲಬರ್ಗಾದಾಗ ನಿಮಗ ಯಾರ ಜೋಡಿ ಮಾತಾಡೂದೈತ್ರಿ?" ಅಂದ ಹುಸೇನಪೀರ. "ನಮಗ ಬೇಕಾದದ್ದು ಒಂದು ಹೊಳಿ ದಾಟೂವಷ್ಟ ಮಾತು. ಆ ಕಡಿ ಹಿಡಿಯಾಕಿ ಹೆಣ್ಣಮಗಳು. ಬುಟ್ಟ್ಯಾಗ ಮುಚ್ಚಿಡಾಕ ಬರಬೇಕು, ಒಂದ ಕೈಲೆ ಎತ್ತಾಕ ಬರಬೇಕು."

ಹೀಗೆ ಅವನು ಕೈಯಲ್ಲಿ ಹಿಡಿಯುವಂಥ ಮೂರು ಪೆಟ್ಟಿಗೆ ತಂದ. ಒಂದು ಬಿಡಾರಕ್ಕೆ, ಒಂದು ಹರಗೋಲಕ್ಕೆ, ಇನ್ನೊಂದು ಸುಭದ್ರಾಬಾಯಿಗೆ. ಅವರ ಮನೆಯ ಸಗಣಿ ಕುಳ್ಳು ಹುಡೇವಿನ ಕೆಳಗಿನ ಕೋಣೆಯಲ್ಲಿ ಒಟ್ಟಿದ್ದರು. ಅವಳು ಬುಟ್ಟಿ ಹೊತ್ತು ಅಲ್ಲಿಗೆ ಹೋದರೆ ಯಾರೂ ಏಕೆ ಎಂದು ಕೇಳುವಂತಿರಲಿಲ್ಲ.

ಒಂದು ಮಧ್ಯಾಹ್ನ ಹುಸೇನಪೀರ ತಾನೇ ಹೊಳೆ ದಾಟಿ ಬಂದು ಹುಡೇವಿನ ಮೇಲೆ ಕಲಿಸಿಕೊಟ್ಟ. ಮೇಲಿನ ಕಡ್ಡಿ ಎಳೆದರೆ ಪೆಟ್ಟಿಗೆಗೆ ಜೀವ ಬರುತ್ತದೆ, ಒಳಗೆ ತಳ್ಳಿದರೆ ಮಲಗುತ್ತದೆ. ಗೋಡೆಯ ಮರೆಯಲ್ಲಿ ನಿಲ್ಲಬಾರದು, ಎತ್ತರಕ್ಕೆ ಹೋಗಬೇಕು. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಒಬ್ಬರು ಒತ್ತಿದಾಗ ಉಳಿದವರು ಬರೀ ಕಿವಿಯಾಗಿರಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಇಬ್ಬರದೂ ಹಾಳು. ಬ್ಯಾಟರಿ ಮತ್ತೆ ಸಿಗುವುದಿಲ್ಲ, ಮಾತು ಉಪ್ಪಿನ ಹಾಗೆ ಬಳಸಬೇಕು.

ಕೇಳುವುದು ಸುಭದ್ರಾಬಾಯಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಾತಾಡುವ ಸರದಿ ಬಂದಾಗ ಗುಂಡಿ ಒತ್ತಿ, ಸೆರಗು ಸರಿಮಾಡಿಕೊಂಡು, "ಏನ್ರಿ" ಅಂದಳು. ಆಚೆ ದಂಡೆಯಲ್ಲಿ ಪೆಟ್ಟಿಗೆಯ ಸುತ್ತ ನಾಲ್ವರು ಕೂತಿದ್ದರು. ನಾಲ್ವರೂ ಎದ್ದರಂತೆ. ಅವರ ಹೆಂಡಂದಿರು ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಬಿಡಾರದ ಪೆಟ್ಟಿಗೆ ನೋಡಿಕೊಳ್ಳುವ ಶಿವರಾಯನಂತೂ ಇದು ನನ್ನ ಮನೆಯಾಕೆಯ ಧ್ವನಿ ಎಂದು ಆಣೆ ಇಟ್ಟನಂತೆ.

"ಅಕ್ಕಾ, ಹಂಗಲ್ಲ. ಮೊದಲ ಯಾರನ್ನ ಕರೀತೀರಿ ಅವರ ಹೆಸರು, ಆಮ್ಯಾಲ ನಿಮ್ಮ ಮಾತು," ಅಂದ ಹುಸೇನಪೀರ. ಅವಳು ತಲೆ ತಗ್ಗಿಸಿದಳು. ಅವನಿಗೆ ಗೊತ್ತಾಯಿತು. "ನಮ್ಮ ಅಮ್ಮಾ ವಜೀರುನ್ನಿಸಾನೂ ಹಿಂಗ ಅದಾಳ. ಅಬ್ಬಾನ ಹೆಸರ ಟಪಾಲಿನಾಂವಗೂ ಹೇಳಂಗಿಲ್ಲ."

ಬೇರೆ ಹೆಸರು ಇಡೋಣ, ಆಚೆ ದಂಡೆಗೆ ಬೇವಿನ ಗಿಡದ ಹೆಸರು, ಹರಗೋಲಕ್ಕೆ ಬನ್ನಿ ಗಿಡದ್ದು ಅಂದ. ಇದೆಲ್ಲವನ್ನು ಕುಳ್ಳಿನ ಬುಟ್ಟಿಯ ಪಕ್ಕ ಕೂತು ಕೇಳುತ್ತಿದ್ದ ಸುಂದರಬಾಯಿಗೆ ಅದು ಸೇರಲಿಲ್ಲ.

"ಗಿಡಾ ಕೂಗಿದ್ರ ಗಿಡಾ ಓ ಅಂತೈತೇನೋ ತಮ್ಮಾ? ತಾ ಇಲ್ಲಿ. ಹೆಸರು ನಾ ಕೂಗತೀನಿ, ಸುದ್ದಿ ಇಕಿ ಹೇಳ್ಲಿ."

ಅಂದಿನಿಂದ ಹಾಗೆಯೇ ನಡೆಯಿತು. ಸೊಸೆ ಗುಂಡಿ ಒತ್ತುವಳು, ಅತ್ತೆ ಬಾಗಿ "ಚಂದ್ರಾಮಾ" ಎಂದೋ "ಶಿವರಾಯಾ" ಎಂದೋ ಕೂಗುವಳು. ಆ ಕಡೆಯಿಂದ ಓಗೊಟ್ಟ ಮೇಲೆ ಸೊಸೆ ದಂಡೆಯ ಸುದ್ದಿ ಹೇಳುವಳು. ಒಂದು ಪೆಟ್ಟಿಗೆಗೆ ಎರಡು ಬಾಯಿ. ನಲವತ್ತೆಂಟರ ಶ್ರಾವಣದಲ್ಲಿ ಹನ್ನೊಂದು ಮನೆಯವರು ಹೀಗೆಯೇ ದಾಟಿದರು. ಕೆಲವೊಮ್ಮೆ ಕೆಲಸದ ಮಾತು ಮುಗಿದ ಮೇಲೂ ಚಂದ್ರಾಮ ಗುಂಡಿ ಬಿಡುತ್ತಿರಲಿಲ್ಲ. ಅವನ ಉಸಿರು ಪೆಟ್ಟಿಗೆಯೊಳಗೆ ಕೇಳುತ್ತಿತ್ತು. ಸುಭದ್ರಾಬಾಯಿ ಬ್ಯಾಟರಿ ಹಾಳಾಗುತ್ತದೆ ಎಂದು ಮನಸ್ಸಿನಲ್ಲೇ ಬೈಯುತ್ತ ಪೆಟ್ಟಿಗೆಯನ್ನು ಕಿವಿಗೆ ಇನ್ನಷ್ಟು ಒತ್ತಿಕೊಳ್ಳುವಳು. ಅತ್ತೆ ಆಗ ಕುಳ್ಳು ಎಣಿಸುವ ನೆಪದಲ್ಲಿ ಬೆನ್ನು ತಿರುಗಿಸುವಳು.

ಕೊನೆಗೆ ಉಳಿದದ್ದು ಇವರಿಬ್ಬರೇ. ಮರುದಿನ ಸವಾರರು ಮನೆಮನೆ ಹೊಕ್ಕು ಹುಡುಕಿ ಜಡತಿ ಮಾಡುತ್ತಾರೆ ಎಂದು ಸುದ್ದಿ ಬಂದಾಗ ಸುಂದರಬಾಯಿ ಮನಸ್ಸು ಗಟ್ಟಿಮಾಡಿ ಎದ್ದಳು. ಹೊಳೆ ತುಂಬಿತ್ತು, ಕರೀಮಸಾಬ ಒಂದು ಸಲಕ್ಕೆ ಒಬ್ಬರನ್ನೇ ಒಯ್ಯುತ್ತೇನೆ ಅಂದ. ಮೊದಲು ಅತ್ತೆ ಹೋದಳು. ಹುಡೇವಿನಿಂದ ದಂಡೆ ಕಾಯುವ ಕೆಲಸ ಸೊಸೆಗೆ ಉಳಿಯಿತು. ಅತ್ತೆ ಸುಖವಾಗಿ ಮುಟ್ಟಿದಳೆಂದು ಶಿವರಾಯ ಹೇಳಿದ. ಸೆಳೆತಕ್ಕೆ ಹುಟ್ಟು ಹಾಕಿ ಕರೀಮಸಾಬನ ತೋಳು ಸೋತಿತ್ತು. ಅದಕ್ಕೆ ಎರಡನೆಯ ಸಲ ಚಂದ್ರಾಮ ತಾನೇ ಜೊತೆಗೆ ಹೊರಟ, ಹೆಂಡತಿಯನ್ನು ಕರೆತರಲು.

ಹರಗೋಲ ನಡುಹೊಳೆಗೆ ಬಂದಿತ್ತು. ಆಗ ಹುಣಸೆಮರಗಳ ಹಿಂದಿನಿಂದ ಸವಾರರು ಬಂದರು, ಆರು ಜನ. ನೇರ ಹೊಳೆಯ ಘಾಟಿಗೆ ಇಳಿದು ಜಾಲಿಯ ಮರೆಯಲ್ಲಿ ನಿಂತರು. ನೀರಿನಲ್ಲಿದ್ದವರಿಗೆ ಅವರು ಕಾಣುವಂತಿರಲಿಲ್ಲ. ಕಾಣುತ್ತಿದ್ದದ್ದು ಹುಡೇವಿನ ಮೇಲಿದ್ದವಳಿಗೆ ಮಾತ್ರ.

ಅವಳು ಕಡ್ಡಿ ಎಳೆದಳು, ಗುಂಡಿ ಒತ್ತಿದಳು. ರೂಢಿಯಂತೆ ಪಕ್ಕಕ್ಕೆ ನೋಡಿದಳು. ಹೆಸರು ಕೂಗುವವಳು ಪಕ್ಕದಲ್ಲಿರಲಿಲ್ಲ.

"ಏನ್ರಿ," ಅಂದಳು.

ಬಿಡಾರದಿಂದ ಶಿವರಾಯ, ಹರಗೋಲದಿಂದ ಚಂದ್ರಾಮ, ಇಬ್ಬರೂ ಒಟ್ಟಿಗೆ ಒತ್ತಿದರು. ಪೆಟ್ಟಿಗೆ ಬರೀ ಚೀರಿತು. ಕರೆದದ್ದು ಶಿವರಾಯನನ್ನೇ ಇರಬೇಕು ಎಂದು ಚಂದ್ರಾಮ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹುಟ್ಟು ಹಿಡಿದ. ಶಿವರಾಯನೋ ಗುಂಡಿ ಬಿಡದೆ, ಯಾರು ಬೇಕು, ಯಾರು ಬೇಕು ಎಂದು ಕೇಳುತ್ತಲೇ ಇದ್ದ. ಸವಾರರು ಬಂದಿದ್ದಾರೆಂದು ಅವಳು ಹೇಳಿದ ಮಾತು ಅವನ ಮಾತಿನ ಕೆಳಗೆ ಸಿಕ್ಕು ಸತ್ತಿತು. ಹರಗೋಲ ಹತ್ತಿರ ಬರುತ್ತಲೇ ಇತ್ತು. ಚಂದ್ರಾಮನ ತಲೆಯ ರುಮಾಲು ಕಂಡಿತು, ರುಮಾಲಿನ ಬಣ್ಣ ಕಂಡಿತು.

ಶಿವರಾಯ ಉಸಿರು ತೆಗೆದುಕೊಳ್ಳಲು ಗುಂಡಿ ಬಿಟ್ಟ. ಅಷ್ಟೇ ಸಂದು ಸಿಕ್ಕಿತು.

"ಚಂದ್ರಾಮ," ಅಂದಳು ಸುಭದ್ರಾಬಾಯಿ. ಒಡಪಿಲ್ಲ, ಹಾಡಿಲ್ಲ. "ಚಂದ್ರಾಮ, ಹಿಂದಕ್ಕ ಹೊಳ್ಳ್ರಿ. ಘಾಟಿನ್ಯಾಗ ಸವಾರರು ಅದಾರ. ಹೊಳ್ಳ್ರಿ, ಚಂದ್ರಾಮ."

ಗುಂಡಿ ಬಿಟ್ಟು ನೋಡಿದಳು. ಹರಗೋಲಿಗೆ ಮುಂದಿಲ್ಲ, ಹಿಂದಿಲ್ಲ. ಅದು ದುಂಡಗೆ ತಿರುಗುತ್ತದೆ. ಈ ಕಡೆ ಬರುತ್ತಿದೆಯೋ ಆ ಕಡೆ ಹೋಗುತ್ತಿದೆಯೋ ನೋಡಿ ಹೇಳಲಾಗುವುದಿಲ್ಲ. ಅದು ಸಣ್ಣದಾಗುವ ತನಕ ಅವಳು ರೆಪ್ಪೆ ಬಡಿಯಲಿಲ್ಲ. ರುಮಾಲಿನ ಬಣ್ಣ ಹೋಯಿತು, ಆಮೇಲೆ ರುಮಾಲೂ ಹೋಯಿತು. ಆಗ ಕುಳ್ಳಿನ ಬುಟ್ಟಿಯ ಪಕ್ಕ ಕುಸಿದು ಕೂತು ಬೆರಳು ಮಡಿಚಿದಳು. ಮೂರು ಸಲ ಹೇಳಿದ್ದಳು. ಮೂರು ದಿನ.

ಕಾದು ಬೇಸತ್ತು ಸವಾರರು ಮಧ್ಯಾಹ್ನಕ್ಕೆ ಹೋದರು. ಹೊತ್ತು ಮುಳುಗುವ ಮುಂಚೆ ಕರೀಮಸಾಬ ಬಂದು ಅವಳನ್ನು ದಾಟಿಸಿದ. ದಾರಿಯುದ್ದಕ್ಕೂ ಅವನು ಹುಟ್ಟಿನ ಮೇಲೆಯೇ ಕಣ್ಣಿಟ್ಟಿದ್ದ, ಅವನೂ ಆ ಹೆಸರು ಕೇಳಿದ್ದನಲ್ಲ. ಒಂದು ಪೆಟ್ಟಿಗೆಗೆ ಹೇಳಿದ್ದು ಎಲ್ಲ ಪೆಟ್ಟಿಗೆಗೂ ಕೇಳುತ್ತದೆ. ಇಡೀ ಬಿಡಾರವೇ ಕೇಳಿತ್ತು.

ದಂಡೆಯಲ್ಲಿ ಗಂಡಸರು ನೆಲ ನೋಡುತ್ತ ನಿಂತಿದ್ದರು. ಸುಭದ್ರಾಬಾಯಿ ಗಂಡನ ಮುಖ ನೋಡದೆ ನೇರ ಅತ್ತೆಯ ಬಳಿ ಹೋಗಿ, ತಪ್ಪಾಯಿತು ಎನ್ನುವ ಹಾಗೆ ಕಾಲು ಮುಟ್ಟಿದಳು. ಮೂರು ದಿನದ ಲೆಕ್ಕವನ್ನೂ ಹೇಳಿದಳು. ಮುದುಕಿ ಅವಳ ತಲೆಯ ಮೇಲೆ ಅಂಟಿದ್ದ ಕುಳ್ಳಿನ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದಳು.

"ಹೆಸರಿಟ್ಟಾಕಿ ನಾನು ಬೇ," ಅಂದಳು. "ಕೂಗಿದ್ರ ಹೊಳ್ಳಿ ಬರ್ಲಿ ಅಂತ ಇಟ್ಟೇನಿ."

ಮುಂದಿನ ತಿಂಗಳೇ ನಿಜಾಮರ ಆಳ್ವಿಕೆ ಮುಗಿದು ಎರಡೂ ದಂಡೆ ಒಂದಾದವು. ಊರಿಗೆ ಮರಳಿದರು, ಹುಸೇನಪೀರ ಪೆಟ್ಟಿಗೆಗಳನ್ನು ಒಯ್ದ. ಸುಭದ್ರಾಬಾಯಿಯ ಬಾಯಲ್ಲಿ ಆ ಹೆಸರು ಮತ್ತೆ ಬರಲಿಲ್ಲ. ಅವಳು "ಏನ್ರಿ" ಅಂದರೆ ಮಾತ್ರ ಹೆಸರಿಗೆ ಕಾದವನಂತೆ ಚಂದ್ರಾಮನಿಗೆ ಈಗ ಮೊದಲ ಸಲಕ್ಕೆ ಕೇಳಿಸುತ್ತಿರಲಿಲ್ಲ, ಎರಡನೆಯ ಸಲಕ್ಕೂ ಇಲ್ಲ. ಅವಳು ಹತ್ತಿರ ಬಂದು, ಪೆಟ್ಟಿಗೆಯ ಗುಂಡಿ ಒತ್ತಿದ ಹಾಗೆ ಅವನ ತೋಳಿಗೆ ಹೆಬ್ಬೆರಳು ಒತ್ತಿ, ಏನೂ ಹೇಳದೆ ನಿಲ್ಲುವಳು. ಆಗ ಅವನು ಓ ಅನ್ನುವನು.