ಮೇಡಂ ಹಲ್ಲಿಗೆ ನಾನು ಕೈಹಾಕಿದ ದಿನ

ನಮ್ಮ ಮೇಡಂ ಬಲಗೈಯ ತೋರುಬೆರಳು ತುದಿಯಲ್ಲಿ ಹೊರಕ್ಕೆ ಬಾಗಿತ್ತು. ರೂಟ್ ಕೆನಾಲ್ ಮಾಡಿದ ಹಲ್ಲಿನ ಬೇರಿನೊಳಗೆ ಗುಲಾಬಿ ರಬ್ಬರಿನ ಸಣ್ಣ ಕಡ್ಡಿಗಳನ್ನು ಒಂದರ ಪಕ್ಕ ಒಂದು ಒತ್ತಿ ಒತ್ತಿ ಬಾಗಿದ ಬೆರಳದು. ಡಿಗ್ರಿ ಮುಗಿಸಿ ಬಸವೇಶ್ವರನಗರದ ಅವರ ಹಲ್ಲಿನ ಕ್ಲಿನಿಕ್ಕಿಗೆ ಸೇರಿದ ನಾನೋ, ಅದೇ ರಬ್ಬರನ್ನು ಕಾಯಿಸಿ ಕರಗಿಸಿ ತುಂಬುವ ಯಂತ್ರಕ್ಕೆ ಮರುಳಾಗಿದ್ದವಳು.

"ಬಿಸಿದು ಸಂದುಗೊಂದಿಗೆಲ್ಲ ಹರಿಯುತ್ತೆ, ಒಪ್ತೀನಿ. ಆದ್ರೆ ಎಲ್ಲಿ ನಿಲ್ಬೇಕು ಅಂತ ಅದಕ್ಕೆ ಗೊತ್ತಿಲ್ಲ ಕಣೇ," ಅನ್ನುತ್ತಿದ್ದರು. ಹಾಗಂತ ತಣ್ಣನೆಯ ಕಡ್ಡಿಯನ್ನೂ ಹೊಗಳುತ್ತಿರಲಿಲ್ಲ. "ಇದು ಹೇಳಿದಲ್ಲಿ ನಿಲ್ಲುತ್ತೆ, ಆದ್ರೆ ಸಂದು ಬಿಡುತ್ತೆ. ಜಾಸ್ತಿ ಒತ್ತಿದ್ರೆ ಬೇರು ಸೀಳಿಹೋಗುತ್ತೆ. ಎರಡಕ್ಕೂ ಹೆದರು. ಹೆದರದೆ ಇರೋ ಕೈನ ಬಾಯೊಳಗೆ ಬಿಡಬಾರ್ದು." ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ಮಧ್ಯಾಹ್ನ ಮೇಡಂ ತಾವೇ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರು. ಕೆಳದವಡೆಯ ಹಿಂದಿನ ಹಲ್ಲು. ಎಕ್ಸ್‌ರೇ ತೆಗೆದು ನೋಡಿದೆ. ಬೇರಿನ ನಾಳ ಚಪ್ಪಟೆ, ಬರೀ ಕಡ್ಡಿ ಒತ್ತಿದರೆ ಸಂದು ಉಳಿಯುವುದು ಖಂಡಿತ. ಬೇರಿನ ತುದಿಗೆ ಅಂಟಿದಂತೆ ತುಟಿಗೆ ಹೋಗುವ ನರ. ಬಿಸಿ ರಬ್ಬರು ಹರಿದು ಅದಕ್ಕೆ ತಗುಲಿದರೆ ತುಟಿ ಜೀವನಪೂರ್ತಿ ಮರಗಟ್ಟಬಹುದು.

"ಬೇರೆ ಯಾರ ಹತ್ರನಾದ್ರೂ ಮಾಡಿಸ್ಕೊಳ್ಳಿ ಮೇಡಂ, ದಮ್ಮಯ್ಯ," ಅಂದೆ.

"ಹೆದರಿಕೆ ಆಗ್ತಿದೆ ತಾನೆ? ಹಾಗಾದ್ರೆ ನೀನೇ ಮಾಡು."

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ನಾಳ ತೊಳೆದು, ತುದಿಗೆ ಬಿಗಿಯಾದ ಕಡ್ಡಿಯೊಂದನ್ನು ತಣ್ಣಗೇ ಕೂರಿಸಿ, ಮೇಲಿನ ಭಾಗಕ್ಕೆ ಮಾತ್ರ ಬಿಸಿ ಮುಟ್ಟಿಸಿದೆ. ಆದರೂ ಎಕ್ಸ್‌ರೇಯಲ್ಲಿ ಬೇರಿನ ತುದಿಯಾಚೆ ಒಂದು ಬಿಳಿ ಚುಕ್ಕೆ! ರಬ್ಬರು ನರದ ಕಡೆಗೆ ಜಾರಿತ್ತು. ಮೇಡಂ ನೋಡಿದರು, ಬೈಯಲಿಲ್ಲ. "ಜೋಮು ಬಿಡೋವರೆಗೂ ಇಲ್ಲೇ ಕೂತಿರ್ತೀನಿ," ಅಂದು ಕೆಳತುಟಿ ಚಿವುಟಿಕೊಳ್ಳುತ್ತ ಕುಳಿತರು. ಇಂಜೆಕ್ಷನ್ನಿನ ಪ್ರಭಾವ ಇಳಿಯಬೇಕಾದ ಹೊತ್ತು ದಾಟಿತು. ಚಿವುಟಿದ ಜಾಗ ಕೆಂಪಾಯಿತು, ಅವರಿಗೆ ಮಾತ್ರ ಏನೂ ಗೊತ್ತಾಗುತ್ತಿಲ್ಲ. ದೇವರೇ, ನಾನು ಇವರ ಬಾಯಿ ಹಾಳು ಮಾಡಿಬಿಟ್ಟೆನೇ? ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ದೀಪ ಹಾಕುವ ಹೊತ್ತಿಗೆ ಕೂಗಿದರು: "ಬಾರೇ ಇಲ್ಲಿ! ತುಟಿ ಜುಮುಜುಮು ಅಂತಿದೆ, ಚಿವುಟಿದ್ದು ಗೊತ್ತಾಗ್ತಿದೆ!"

ಓಡಿಬಂದರೆ ಅವರ ಕಣ್ಣಲ್ಲೂ ನೀರು. ಅಷ್ಟೂ ಹೊತ್ತು ಅವರೂ ಹೆದರಿ ಕೂತಿದ್ದರೆಂದು ನನಗೆ ಆಗಲೇ ತಿಳಿದದ್ದು.

ಹೋದ ವರ್ಷ ಎದೆನೋವು ಬಂದು ಮೇಡಂ ಹೋಗಿಬಿಟ್ಟರು. ಅವರ ಮನೆತನದ ಪದ್ಧತಿಯಂತೆ ವಿಭೂತಿ ಹಚ್ಚಿ, ಕೂರಿಸಿ ಸಮಾಧಿ ಮಾಡಿದರು. ಮಣ್ಣು ಹಾಕುವವರೆಗೂ ನಾನು ಆ ತುಟಿಯನ್ನೇ ನೋಡುತ್ತ ನಿಂತಿದ್ದೆ.

ಈಗ ಕ್ಲಿನಿಕ್ಕಿನಲ್ಲಿ ನಾನೊಬ್ಬಳೇ. ಪೇಶೆಂಟಿನ ಜೋಮು ಬಿಡುವವರೆಗೂ ಪಕ್ಕದಲ್ಲೇ ಕೂರುತ್ತೇನೆ. ಜೊತೆಗೆ ಹೆದರುವವರು ಯಾರೂ ಇಲ್ಲ.